ಬಯಲುಸೀಮೇಲಿ ಬಿದಿರಿನ ಶೆಡ್: ಕುಟ್ಟೆ ಹಿಡೀದಂಗೆ, ಆಷಾಢದ ಗಾಳಿಗೆ ಹಾರದಂಗೆ ಕಟ್ಟೋದು ಹೆಂಗೆ

ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ತೋಟದಲ್ಲಿ ಒಂದು ಬಿದಿರಿನ ಶೆಡ್ ಹಾಕೋಣ ಅಂತ ಬಾಯಿ ಬಿಟ್ರೆ ಸಾಕು, ಕೇಳಿದೋರೆಲ್ಲ ಹೇಳೋದು ಒಂದೇ ಮಾತು, ಬೇಡ ಬಿಡಿ ಎರಡು ವರ್ಷಕ್ಕೆ ಕುಟ್ಟೆ (ಬಿದಿರು ಕೊರೆದು ತಿನ್ನೋ ಹುಳ) ಹಿಡಿದು ಪುಡಿ ಉದುರುತ್ತೆ, ಕಬ್ಬಿಣದ ಪೈಪ್ ಹಾಕ್ಸಿ ಅಂತ. ಅವ್ರು ಸುಳ್ಳು ಹೇಳ್ತಿಲ್ಲ, ಕಣ್ಣಾರೆ ನೋಡಿದ್ದನ್ನೇ ಹೇಳ್ತಿದಾರೆ. ಹಸಿ ಗಳ (ಕಡಿದ ಉದ್ದನೆ ಬಿದಿರು) ತಂದು, ಗುಂಡಿ ತೋಡಿ, ಮಣ್ಣಲ್ಲಿ ಹೂತು ನಿಲ್ಸಿದ್ರೆ ಯಾವ ಬಿದಿರಾದ್ರೂ ಅಷ್ಟೇ, ನೆಲ ಮುಟ್ಟಿರೋ ಬಿದಿರು ಹುಳ ತಡೆಯೋ ಮದ್ದಿಲ್ದೆ ಒಂದರಿಂದ ಮೂರು ವರ್ಷ ಬಂದ್ರೆ ದೊಡ್ಡದು. ಅದೇ ಬಿದಿರು ಸೂರಿನ ಕೆಳಗಡೆ ಒಣಗಿದ ಜಾಗದಲ್ಲಿ ಇದ್ರೆ ಮದ್ದು ಹಾಕ್ದೇನೇ ನಾಲ್ಕರಿಂದ ಏಳು ವರ್ಷ ಬರುತ್ತೆ, ಮದ್ದು ಸರಿಯಾಗಿ ಕುಡಿಸಿ ಮಳೆ ತಾಗದಂಗೆ ಕಟ್ಟಿದ್ರೆ ಹದಿನೈದು ವರ್ಷ ಮೇಲೇನೇ ಬರುತ್ತೆ.

ಶಿಡ್ಲಘಟ್ಟ, ಚಿಂತಾಮಣಿ ಕಡೆಯೋರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ರೇಷ್ಮೆ ಮನೇಲಿ ಹುಳ ಗೂಡು ಕಟ್ಟೋಕೆ ಬಿಡೋ ಚಂದ್ರಂಕಿ ಬಿದಿರಿಂದೇ ಅಲ್ವಾ, ತೆಳ್ಳಗೆ ಸೀಳಿದ ದಬ್ಬೆ, ಆದ್ರೂ ಎಷ್ಟೋ ಬೆಳೆ ಬರುತ್ತೆ. ಯಾಕಂದ್ರೆ ಅದು ಸೂರಿನ ಕೆಳಗಿರುತ್ತೆ, ಬೆಳೆ ಆದ್ಮೇಲೆ ಬಿಸಿಲಿಗೆ ಹಾಕ್ತಾರೆ, ಬೆಂಕಿ ತೋರ್ಸಿ ಕಸರು ಸುಡ್ತಾರೆ, ಹುಳ ಸೇರೋಕೆ ಪುರುಸೊತ್ತೇ ಕೊಡಲ್ಲ. ಟೊಮೆಟೊ ತೋಟಕ್ಕೆ ಊರಿದ ಬಿದಿರು ಕಡ್ಡಿ ನೋಡಿ, ಮೇಲ್ಗಡೆ ಕಲ್ಲಿನಂಗೆ ಇರುತ್ತೆ, ಮಣ್ಣು ಮುಟ್ಟಿರೋ ಕಡೆ ಮಾತ್ರ ಕೈಯಲ್ಲಿ ಮುರಿಯುತ್ತೆ. ಹಾಗಾಗಿ ಬಿದಿರಲ್ಲಿ ಕಟ್ಟೋರು ದುಡ್ಡು ಮತ್ತೆ ಟೈಮು ಮೊದ್ಲು ಹಾಕ್ಬೇಕಾಗಿರೋದು ಮೂರು ಕಡೆ: ಒಳಗೆ ಮದ್ದು, ಕೆಳಗೆ ಕಲ್ಲು, ಮೇಲೆ ಉದ್ದನೆ ಸೂರು. ಡಿಸೈನು, ಪಾಲಿಶು, ಲೈಟಿಂಗು ಎಲ್ಲ ಆಮೇಲೆ.

ಇನ್ನೊಂದು ಮಾತು. ಬಿದಿರು ಪರಿಸರಕ್ಕೆ ಒಳ್ಳೇದು ಅಂತ ಎಲ್ಲರೂ ಹೇಳ್ತಾರೆ, ನಿಜಾನೇ. ಇದು ಮರ ಅಲ್ಲ, ಹುಲ್ಲಿನ ಜಾತಿ. ಕಳಲೆ ಎದ್ದ ಒಂದೇ ಮಳೆಗಾಲದಲ್ಲಿ ಪೂರ್ತಿ ಎತ್ತರ ಬೆಳೆದುಬಿಡುತ್ತೆ, ಮೂರು ನಾಲ್ಕು ವರ್ಷಕ್ಕೆ ಕಟ್ಟಡಕ್ಕೆ ಆಗೋಷ್ಟು ಗಟ್ಟಿ ಆಗುತ್ತೆ, ಕಡಿದ್ರೂ ಬೇರು ಸಾಯಲ್ಲ, ಮುಂದಿನ ಮಳೆಗೆ ಅದೇ ಮೆಳೆಯಿಂದ (ಬಿದಿರಿನ ಗುಂಪಿಂದ) ಮತ್ತೆ ಕಳಲೆ ಬರುತ್ತೆ. ಆ ಕಡೆ ಪ್ರಪಂಚದ ಒಟ್ಟು ಇಂಗಾಲದ ಹೊಗೆಯಲ್ಲಿ ಸುಮಾರು ಶೇ 7-8 ಸಿಮೆಂಟ್ ತಯಾರಿ ಒಂದ್ರಿಂದ್ಲೇ ಬರೋದು. ಆದ್ರೆ ಮೂರು ವರ್ಷಕ್ಕೊಂದು ಸಲ ಕುಸಿದು ಬೀಳೋ ಬಿದಿರು ಶೆಡ್ಡಿಂದ ಯಾವ ಪರಿಸರಾನೂ ಉಳಿಯಲ್ಲ, ದೂರದ ರಾಜ್ಯದಿಂದ ಲಾರಿಲಿ ತರಿಸಿದ್ರೂ ಅರ್ಧ ಪುಣ್ಯ ಡೀಸೆಲ್ಲಿಗೇ ಹೋಯ್ತು. ಹತ್ತಿರದ ಬಿದಿರು, ಬಾಳಿಕೆ ಬರೋ ಕೆಲಸ, ಇವೆರಡೂ ಇದ್ರೇನೇ ಆ ಮಾತಿಗೆ ಅರ್ಥ. ಬಿದಿರು ಅಂದ್ರೆ ಬಡವರ ಗುಡಿಸಲು ಸಾಮಾನು ಅನ್ನೋರು ಒಂದ್ಸಲ ದೇವನಹಳ್ಳಿ ಏರ್‌ಪೋರ್ಟಿನ ಎರಡನೇ ಟರ್ಮಿನಲ್ ಒಳಗೆ ಹೋಗಿ ತಲೆ ಎತ್ತಿ ನೋಡಿ, 2022ರಲ್ಲಿ ಉದ್ಘಾಟನೆ ಆಗಿದ್ದು, ಆ ಸೀಲಿಂಗೆಲ್ಲ ಬಿದಿರೇ. ಅದು ಫ್ಯಾಕ್ಟರೀಲಿ ಪಟ್ಟಿ ಮಾಡಿ ಅಂಟಿಸಿದ ಬಿದಿರು, ನಾನಿಲ್ಲಿ ಹೇಳ್ತಿರೋದು ಇಡೀ ಗಳದ ಕೆಲಸ, ಆದ್ರೂ ಗಿಡ ಅದೇ.

ಯಾವ ಬಿದಿರು, ಎಲ್ಲಿಂದ

ನಮ್ಮ ಒಣ ಸೀಮೆಗೆ ಹೊಂದೋದು ಮುಖ್ಯವಾಗಿ ಎರಡು. ಒಂದು ಕಿರುಬಿದಿರು, ಲಾಠಿ ಮಾಡ್ತಾರಲ್ಲ ಅದು, ಸಸ್ಯಶಾಸ್ತ್ರದೋರು ಡೆಂಡ್ರೊಕ್ಯಾಲಮಸ್ ಸ್ಟ್ರಿಕ್ಟಸ್ ಅಂತಾರೆ. ಕಡಿಮೆ ಮಳೇಲೂ ಬರುತ್ತೆ, ಗಳ ಸಣ್ಣದು ಆದ್ರೆ ಒಳಗೆ ಹೆಚ್ಚುಕಮ್ಮಿ ಗಟ್ಟಿ, ಟೊಳ್ಳು ಕಡಿಮೆ. ರೀಪರಿಗೆ (ಶೀಟಿನ ಕೆಳಗೆ ಹಾಕೋ ಪಟ್ಟಿಗೆ), ಅಡ್ಡಪಟ್ಟಿಗೆ, ಕ್ರಾಸ್ ಕೊಡೋಕೆ ಇದು ಸೂಪರ್. ಇನ್ನೊಂದು ಮುಳ್ಳು ಬಿದಿರು, ಹೆಬ್ಬಿದಿರು ಅಂತಾನೂ ಕರೀತಾರೆ, ಬಾಂಬೂಸಾ ಬಾಂಬೋಸ್. ಇದು ದಪ್ಪ, ಟೊಳ್ಳಿನ ಸುತ್ತಲಿನ ಗೋಡೆನೂ ದಪ್ಪ, ತೊಲೆಗೆ ಜಂತೆಗೆ ಇದೇ ಬೇಕು, ಮುಳ್ಳಿನ ಕಾಟಕ್ಕೆ ಕಡಿಯೋ ಕೂಲಿ ಮಾತ್ರ ಜಾಸ್ತಿ ಬೀಳುತ್ತೆ. ಮುಳ್ಳಿಲ್ಲದ, ಒಳಗೂ ಗಟ್ಟಿ ಇರೋ ಡೆಂಡ್ರೊಕ್ಯಾಲಮಸ್ ಸ್ಟಾಕ್ಸಿ ಅನ್ನೋ ಜಾತಿ ಒಂದಿದೆ, ಮೂಲ ಕರಾವಳಿ ಪಶ್ಚಿಮಘಟ್ಟದ ಕಡೇದು, ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಸಂಸ್ಥೆಯೋರು ರೈತರ ಹೊಲಕ್ಕೆ ಇದನ್ನ ತುಂಬಾ ಹೇಳ್ತಾರೆ. ಹೊಸದಾಗಿ ಬದುವಿನ ಮೇಲೆ ನೆಡೋರು ಇದನ್ನ ನೋಡಬಹುದು.

ಕಾಡಿಂದ ಕಡ್ಕೊಂಡು ಬರೋ ಯೋಚನೆ ಬೇಡವೇ ಬೇಡ. ದೇವರಾಯನದುರ್ಗದ ಕಡೆ ಬಿದಿರು ಕಾಣುತ್ತೆ ಅಂತ ಮಚ್ಚು ತಗೊಂಡು ಹೋದ್ರೆ ಕೇಸ್ ಆಗುತ್ತೆ. ರೈತರ ಜಮೀನಲ್ಲಿ ಬೆಳೆದಿರೋ ಬಿದಿರು ಬೇರೆ ಮಾತು, 2017ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದು, ಕಾಡಿನ ಹೊರಗೆ ಬೆಳೆದ ಬಿದಿರನ್ನ ಮರ ಅನ್ನೋ ಲೆಕ್ಕದಿಂದ ತೆಗೆದ್ರು. ಹಂಗಂತ ಲಾರಿಗೆ ಲೋಡ್ ಮಾಡೋ ಮುಂಚೆ ವಲಯ ಅರಣ್ಯಾಧಿಕಾರಿ ಕಚೇರಿಲಿ ಒಂದು ಮಾತು ಕೇಳಿ, ಪಹಣಿ ಜೆರಾಕ್ಸು ಜೊತೆಗಿಟ್ಕೊಳ್ಳಿ, ಚೆಕ್‌ಪೋಸ್ಟಲ್ಲಿ ನಿಂತ್ಕೊಂಡು ವಾದ ಮಾಡೋದು ತಪ್ಪುತ್ತೆ.

ತಾಲೂಕು ಕೇಂದ್ರಗಳಲ್ಲಿ ಬುಟ್ಟಿ, ಮೊರ, ತಟ್ಟಿ ಹೆಣೆಯೋ ಮೇದರು ಇದ್ರೆ ಅವ್ರನ್ನ ಮೊದ್ಲು ಹೋಗಿ ಮಾತಾಡ್ಸಿ. ಗೌರಿ ಹಬ್ಬದಲ್ಲಿ ಬಾಗಿನದ ಮೊರ ತಗೊಳ್ಳೋಕೆ ಮಾತ್ರ ಅವ್ರ ನೆನಪಾಗೋದು ನಮಗೆ. ಗಳ ಎಲ್ಲಿ ಸಿಗುತ್ತೆ, ಯಾವುದು ಎಳೇದು, ಯಾವುದು ಬಲಿತದ್ದು ಅನ್ನೋದನ್ನ ಅವ್ರಷ್ಟು ಚೆನ್ನಾಗಿ ಯಾವ ಆರ್ಕಿಟೆಕ್ಟೂ ಹೇಳಲ್ಲ. ದಬ್ಬೆ ಸೀಳೋ ಕೆಲಸಾನೂ ಅವ್ರ ಕೈಗೇ ಕೊಡಿ, ಕೂಲಿ ಚೌಕಾಸಿ ಮಾಡ್ಬೇಡಿ.

ಬಲಿತದ್ದು ಯಾವುದು, ಯಾವಾಗ ಕಡೀಬೇಕು

ಬಿದಿರಿನ ದಪ್ಪ ನೋಡಿ ವಯಸ್ಸು ಹೇಳೋಕಾಗಲ್ಲ. ಕಳಲೆ ಎಷ್ಟು ದಪ್ಪಕ್ಕೆ ಎದ್ದಿರುತ್ತೋ ಕೊನೇವರ್ಗೂ ಅಷ್ಟೇ ದಪ್ಪ, ಆಮೇಲೆ ಒಳಗೊಳಗೆ ಬಲಿಯೋದು ಅಷ್ಟೇ. ಒಂದು ವರ್ಷದ ಗಳ ಹಚ್ಚಹಸಿರು ಹೊಳೀತಿರುತ್ತೆ, ಗೆಣ್ಣಿನ ಹತ್ರ ಹಾಳೆ ಅಂಟ್ಕೊಂಡಿರುತ್ತೆ, ಬೆರಳಲ್ಲಿ ಸವರಿದ್ರೆ ಬಿಳಿ ಹಿಟ್ಟು ಬರುತ್ತೆ, ಅದನ್ನ ಮುಟ್ಟಬೇಡಿ. ಮೂರು ನಾಲ್ಕು ವರ್ಷದ್ದು ಮಾಸಲು ಬಣ್ಣಕ್ಕೆ ತಿರುಗಿರುತ್ತೆ, ಮೈಮೇಲೆ ಬೂದು ಬಿಳಿ ಮಚ್ಚೆ ಕೂತಿರುತ್ತೆ, ಮಚ್ಚಿನ ಹಿಂಭಾಗದಲ್ಲಿ ತಟ್ಟಿದ್ರೆ ಟಣ್ ಅನ್ನುತ್ತೆ, ಎಳೇದಾದ್ರೆ ಡಬ್ ಅಂತ ಸತ್ತ ಸದ್ದು ಬರುತ್ತೆ. ಏಳೆಂಟು ವರ್ಷ ದಾಟಿದ್ದು ಬೇಡ, ಒಣಗಿ ಪೆಡಸಾಗಿರುತ್ತೆ. ಮೆಳೆಯ ಮಧ್ಯದಲ್ಲಿ ಬಲಿತದ್ದು ಇರುತ್ತೆ, ಸುತ್ತ ಹೊರಗಡೆ ಎಳೇದು, ಹಾಗಾಗಿ ಸುಲಭ ಅಂತ ಹೊರಗಿಂದ ಕಡ್ಕೊಂಡು ಬಂದ್ರೆ ಪೂರ್ತಿ ಎಳೇ ಗಳಾನೇ ತಂದಂಗೆ.

ಕಡಿಯೋ ಕಾಲ ಮಳೆಗಾಲ ಪೂರ್ತಿ ಮುಗಿದ ಮೇಲೆ, ಡಿಸೆಂಬರಿಂದ ಫೆಬ್ರವರಿ ಒಳಗೆ. ಕಳಲೆ ಏಳೋ ಹೊತ್ತಲ್ಲಿ ಗಳದೊಳಗೆ ಸಕ್ಕರೆ, ಪಿಷ್ಟ ಓಡಾಡ್ತಿರುತ್ತೆ, ಕುಟ್ಟೆ ಹುಳ ಬರೋದೇ ಆ ಪಿಷ್ಟ ತಿನ್ನೋಕೆ. ನಮ್ಮ ಹಳಬ್ರು ಅಮಾವಾಸ್ಯೆ ಹತ್ರ ಕಡೀರಿ ಅಂತಿದ್ರು, ಆ ಲೆಕ್ಕ ಹಿಡಿಯೋರು ಹಿಡೀರಿ ತೊಂದ್ರೆ ಇಲ್ಲ, ಆದ್ರೆ ತಿಥಿಗಿಂತ ತಿಂಗಳು ಮುಖ್ಯ, ಮಳೆಗಾಲದ ಅಮಾವಾಸ್ಯೆಗೆ ಕಡಿದ್ರೆ ಏನೂ ಉಪಯೋಗ ಇಲ್ಲ. ಪಿಷ್ಟ ಇದೆಯೋ ಇಲ್ವೋ ನೋಡ್ಬೇಕಂದ್ರೆ ಮೆಡಿಕಲ್ ಸ್ಟೋರಲ್ಲಿ ಗಾಯಕ್ಕೆ ಹಚ್ಚೋ ಅಯೋಡಿನ್ ಟಿಂಚರ್ ಸಿಕ್ಕಿದ್ರೆ, ಹೊಸದಾಗಿ ಕತ್ತರಿಸಿದ ತುದಿಗೆ ಎರಡು ತೊಟ್ಟು ಬಿಡಿ, ನೀಲಿ ಕಪ್ಪಾದ್ರೆ ಪಿಷ್ಟ ತುಂಬಿದೆ ಅಂತ ಅರ್ಥ.

ನೆಲದಿಂದ ಮೇಲಿನ ಮೊದಲ ಇಲ್ಲಾ ಎರಡನೇ ಗೆಣ್ಣಿನ ಸ್ವಲ್ಪ ಮೇಲೇನೇ ಗರಗಸದಲ್ಲಿ ಕತ್ತರಿಸಿ. ಗೆಣ್ಣಿಂದ ದೂರ ಬಿಟ್ಟು ಕತ್ತರಿಸಿದ್ರೆ ಉಳಿದ ಮೋಟು ಲೋಟದಂಗೆ ನೀರು ಹಿಡ್ಕೊಂಡು ಬುಡ ಕೊಳೆಯುತ್ತೆ. ಕಡಿದ ಗಳಾನ ಎಲೆ ಸಮೇತ ಮೆಳೆಗೇ ಒರಗಿಸಿ ಒಂದು ವಾರ ಹತ್ತು ದಿನ ಬಿಡಿ, ಎಲೆ ಇನ್ನೂ ಜೀವ ಹಿಡ್ಕೊಂಡು ಒಳಗಿನ ನೀರು, ಪಿಷ್ಟ ಸ್ವಲ್ಪ ಎಳ್ಕೊಳ್ಳುತ್ತೆ. ಆಮೇಲೆ ತಡ ಮಾಡ್ದೆ ಮದ್ದಿಗೆ ಹಾಕಿ, ಪೂರ್ತಿ ಒಣಗಿದ ಬಿದಿರು ಮದ್ದು ಸರಿಯಾಗಿ ಎಳ್ಕೊಳ್ಳಲ್ಲ.

ಮದ್ದು ಕುಡಿಸೋದು

ಈ ಕೆಲಸ ಬಿಟ್ಟು ಬೇರೆ ಎಲ್ಲ ಚೆನ್ನಾಗಿ ಮಾಡಿದ್ರೂ ವೇಸ್ಟು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಬಿದಿರಿನ ಹೊರಮೈ ಮೇಣದಂಗಿರೋ ಗಟ್ಟಿ ಸಿಪ್ಪೆ, ಅದ್ರ ಮೂಲಕ ಒಂದು ತೊಟ್ಟೂ ಒಳಗೆ ಹೋಗಲ್ಲ. ಹಂಗಾಗಿ ಹಳೇ ಇಂಜಿನ್ ಆಯಿಲ್ ಬಳಿಯೋದು, ಡೀಸೆಲ್ ಬಳಿಯೋದು, ಟಾರು ಬಳಿಯೋದು, ವಾರ್ನಿಶ್ ಹೊಡೆಯೋದು ಎಲ್ಲ ಮೇಲ್ಮೇಲಿನ ಶೃಂಗಾರ, ಹುಳ ಒಳಗಿಂದ ಆರಾಮಾಗಿ ತಿಂತಿರುತ್ತೆ. ಮದ್ದು ಒಳಗೆ ಹೋಗೋ ದಾರಿ ಎರಡೇ, ಕತ್ತರಿಸಿದ ತುದಿ ಮತ್ತೆ ಒಳಗಿನ ಟೊಳ್ಳಿನ ಗೋಡೆ. ಅದಕ್ಕೇ ಗೆಣ್ಣೊಳಗಿನ ಅಡ್ಡ ಪರದೆಗಳನ್ನೆಲ್ಲ ತೂತು ಮಾಡ್ಲೇಬೇಕು. 12 ಇಲ್ಲಾ 16 ಎಂಎಂ ಕಂಬಿಯ ತುದಿ ಚೂಪು ಮಾಡ್ಸಿ, ಗಳಾನ ಮಲಗಿಸಿ, ಎರಡೂ ಕಡೆಯಿಂದ ಒಳಗೆ ತೂರಿಸಿ ಕುಟ್ಟಿದ್ರೆ ಒಂದೊಂದೇ ಪರದೆ ಠಸ್ ಠಸ್ ಅಂತ ಒಡೀತಾ ಹೋಗುತ್ತೆ. ಕೊನೇಗೆ ಆ ಕಡೆ ಬೆಳಕು ಕಂಡ್ರೆ ಮುಗೀತು. ಕಂಬಿ ಹೋಗ್ದೇ ಇರೋ ಸಣ್ಣ ಬಿದಿರಾದ್ರೆ ಎರಡು ಗೆಣ್ಣಿನ ನಡುವಿನ ಒಂದೊಂದು ಭಾಗಕ್ಕೂ ಡ್ರಿಲ್ಲಲ್ಲಿ 4 ಎಂಎಂ ತೂತು ಎರಡೆರಡು ಹಾಕಿ, ಒಂದೇ ಸಾಲಲ್ಲಿ ಬೇಡ, ಓರೆಯಾಗಿ ಹಾಕಿ, ಒಂದೇ ನೇರಕ್ಕೆ ಹಾಕಿದ್ರೆ ಅದೇ ಗೆರೆಯಲ್ಲಿ ಸೀಳುತ್ತೆ.

ಮದ್ದು ಅಂದ್ರೆ ಬೋರಿಕ್ ಆಸಿಡ್ ಮತ್ತೆ ಬೋರಾಕ್ಸ್. ಕೇರಂ ಬೋರ್ಡಿಗೆ ಉದುರಿಸ್ತೀವಲ್ಲ ಅದೇ ಬೋರಿಕ್ ಪುಡಿ, ಬೋರಾಕ್ಸ್ ಅಂದ್ರೆ ಬಿಳಿಗಾರ, ತಿಪಟೂರು ಗುಬ್ಬಿ ಕಡೆ ತೆಂಗಿಗೆ ಬೋರಾನ್ ಕಡಿಮೆ ಆದಾಗ ಬುಡಕ್ಕೆ ಹಾಕ್ತಾರಲ್ಲ ಅದೇ. ಲೆಕ್ಕ ಸುಲಭ, 100 ಲೀಟರ್ ನೀರಿಗೆ 2 ಕೆಜಿ ಬೋರಿಕ್, 3 ಕೆಜಿ ಬೋರಾಕ್ಸ್, ಅಂದ್ರೆ ಹೆಚ್ಚುಕಮ್ಮಿ ಶೇ 5ರ ದ್ರಾವಣ. ತಣ್ಣೀರಲ್ಲಿ ಬೇಗ ಕರಗಲ್ಲ, ಹಂಡೆಯಲ್ಲಿ ಬಿಸಿ ನೀರು ಕಾಯಿಸಿ ಅದ್ರಲ್ಲಿ ಎರಡನ್ನೂ ಒಟ್ಟಿಗೇ ಕರಗಿಸಿ ಆಮೇಲೆ ತೊಟ್ಟಿಗೆ ಸುರೀರಿ.

ತೊಟ್ಟಿ ಕಟ್ಟಿಸೋಕೆ ಖರ್ಚು ಮಾಡ್ಬೇಡಿ. ನೆಲದಲ್ಲಿ 22 ಅಡಿ ಉದ್ದ, ಎರಡೂವರೆ ಅಡಿ ಅಗಲ, ಎರಡು ಅಡಿ ಆಳದ ಚರಂಡಿ ತೋಡಿ, ಕಲ್ಲು ಬೇರು ಎಲ್ಲ ಆರಿಸಿ ತೆಗೆದು, ದಪ್ಪ ಟಾರ್ಪಾಲ್ ಎರಡು ಪದರ ಹಾಸಿದ್ರೆ ಸಾಕು. ಇಪ್ಪತ್ತು ಅಡಿ ಉದ್ದದ, ಮೂರೂವರೆ ಇಂಚು ದಪ್ಪದ ಗಳ ಸುಮಾರು 40 ಹಿಡಿಯುತ್ತೆ, ಅವು ಮುಳುಗೋಕೆ 2,000 ಲೀಟರ್ ಹತ್ರ ದ್ರಾವಣ ಬೇಕು, ಅಂದ್ರೆ 40 ಕೆಜಿ ಬೋರಿಕ್, 60 ಕೆಜಿ ಬೋರಾಕ್ಸ್. ಅಂಗಡಿ ರೇಟಲ್ಲಿ ತಗೋಬೇಡಿ, ಬೆಂಗಳೂರಲ್ಲಿ ಕೆಮಿಕಲ್ ಹೋಲ್‌ಸೇಲಲ್ಲಿ 25 ಇಲ್ಲಾ 50 ಕೆಜಿ ಚೀಲದ ಲೆಕ್ಕದಲ್ಲಿ ಕೇಳಿ, ಇಬ್ರು ಮೂರು ಜನ ರೈತರು ಸೇರಿ ತರಿಸಿದ್ರೆ ಇನ್ನೂ ವಾಸಿ, ಒಂದೇ ದ್ರಾವಣದಲ್ಲಿ ಒಬ್ಬರಾದ್ಮೇಲೆ ಒಬ್ಬರು ನೆನೆಹಾಕ್ಕೋಬಹುದು, ಕಡಿಮೆಯಾದಷ್ಟು ಮಾತ್ರ ಅದೇ ಲೆಕ್ಕದಲ್ಲಿ ಸೇರಿಸ್ತಾ ಹೋಗೋದು.

ಗಳಾನ ಚರಂಡಿಗೆ ಇಳಿಸೋವಾಗ ಸೀದಾ ಬಿಸಾಕ್ಬೇಡಿ. ಒಂದು ತುದಿ ಮೊದ್ಲು ಮುಳುಗಿಸಿ, ಇನ್ನೊಂದು ತುದಿ ಮೇಲೆತ್ತಿ ಹಿಡ್ಕೊಂಡು ನಿಧಾನಕ್ಕೆ ಇಳಿಸಿ, ಒಳಗಿನ ಗಾಳಿ ಬುಳುಬುಳು ಅಂತ ಆ ಕಡೆಯಿಂದ ಬರುತ್ತೆ. ಗುಳ್ಳೆ ನಿಂತ್ಮೇಲೆ ಬಿಡಿ. ಗಾಳಿ ಒಳಗೇ ಸಿಕ್ಕಿಹಾಕ್ಕೊಂಡ್ರೆ ಅಷ್ಟು ಭಾಗಕ್ಕೆ ಮದ್ದೇ ತಾಗಲ್ಲ, ಹುಳಕ್ಕೆ ಅಷ್ಟೇ ಸಾಕು. ಎಲ್ಲ ಇಳಿಸಿದ್ಮೇಲೂ ತೇಲುತ್ತೆ, ಮೇಲೆ ಚಪ್ಪಡಿ ಕಲ್ಲು ಹೇರಿ. ಮೇಲ್ಗಡೆ ಟಾರ್ಪಾಲ್ ಮುಚ್ಚಿ, ಸುತ್ತ ಮುಳ್ಳೋ ಬೇಲಿನೋ ಹಾಕಿ, ದನ ಮೇಕೆ ನಾಯಿ ಈ ನೀರು ಕುಡೀಬಾರ್ದು, ಮಕ್ಕಳಂತೂ ಹತ್ರ ಸುಳೀಬಾರ್ದು. ಕೈಗೆ ರಬ್ಬರ್ ಗ್ಲೌಸ್, ಪುಡಿ ಸುರಿಯೋವಾಗ ಮೂಗಿಗೆ ಮಾಸ್ಕು. ಕೃಷಿ ಹೊಂಡ ಇದೆಯಲ್ಲ ಅದ್ರಲ್ಲೇ ಹಾಕೋಣ ಅಂತ ಯಾರೂ ಮಾಡ್ಬೇಡಿ, ಆ ನೀರು ಆಮೇಲೆ ಬೆಳೆಗೂ ಆಗಲ್ಲ ಜಾನುವಾರಿಗೂ ಆಗಲ್ಲ.

ಇಡೀ ಗಳಕ್ಕೆ ಒಂದು ವಾರದಿಂದ ಹತ್ತು ದಿನ, ಸೀಳಿದ ದಬ್ಬೆಗೆ ನಾಲ್ಕೈದು ದಿನ. ತೆಗೆದು ನೀರು ಇಳಿಸಿ, ನೆರಳಲ್ಲಿ ಒಟ್ಟಿ, ಇನ್ನೊಂದು ವಾರ ಟಾರ್ಪಾಲ್ ಮುಚ್ಚಿ ಇಟ್ರೆ ಮದ್ದು ಒಳಗೊಳಗೇ ಹರಡ್ಕೊಳ್ಳುತ್ತೆ. ಆಮೇಲೆ ನೆರಳಲ್ಲಿ ನಿಲ್ಸಿ ಒಣಗಿಸಿ, ಆರರಿಂದ ಎಂಟು ವಾರ. ನಮ್ಮ ಮಾರ್ಚ್ ಬಿಸಿಲಿಗೆ ನೇರವಾಗಿ ಇಟ್ರೆ ಮಾತ್ರ ಉದ್ದಕ್ಕೂ ಸೀಳು ಬಿಟ್ಕೊಳ್ಳುತ್ತೆ, ಆ ಗಳ ರೀಪರಿಗೂ ಬರಲ್ಲ. ಸಂಕ್ರಾಂತಿ ಹೊತ್ತಿಗೆ ಕಡಿದ್ರೆ ಯುಗಾದಿ ಆದ್ಮೇಲೆ ಕಟ್ಟೋಕೆ ರೆಡಿ, ಮುಂಗಾರಿಗೆ ಮುಂಚೆ ಸೂರು ಮುಚ್ಚಬಹುದು.

ಮದ್ದು ಒಳಗೆ ಹೋಗಿದೆಯಾ ಅಂತ ನೋಡೋಕೆ ಮನೇಲೇ ಒಂದು ಪರೀಕ್ಷೆ ಮಾಡ್ಬಹುದು. ಗಳದ ತುದಿಯಿಂದಲ್ಲ, ಮಧ್ಯದಿಂದ ಒಂದು ತುಂಡು ಕತ್ತರಿಸಿ, ಅರಿಶಿನ ಪುಡಿಯನ್ನ ಸ್ಪಿರಿಟ್‌ನಲ್ಲಿ ಕದಡಿ ಆ ಕತ್ತರಿಸಿದ ಮೈಗೆ ಬಳಿದು ಒಣಗೋಕೆ ಬಿಡಿ, ಆಮೇಲೆ ನೀರು ಬೆರೆಸಿದ ಹೈಡ್ರೊಕ್ಲೋರಿಕ್ ಆಸಿಡ್ ಸ್ವಲ್ಪ ಬ್ರಶ್ಶಲ್ಲಿ ತಾಗಿಸಿ, ಗ್ಲೌಸ್ ಹಾಕ್ಕೊಂಡು, ಬಯಲಲ್ಲಿ. ಬೋರಾನ್ ಹೋಗಿರೋ ಜಾಗ ಆರತಿ ನೀರಿನ ಹಂಗೆ ಕೆಂಪಗಾಗುತ್ತೆ, ಹೋಗ್ದೇ ಇರೋ ಜಾಗ ಅರಿಶಿನ ಬಣ್ಣದಲ್ಲೇ ಉಳಿಯುತ್ತೆ. ಒಳಗಿನ ಅರ್ಧ ಕೆಂಪಾಗಿ ಹೊರಗಿನ ಅರ್ಧ ಹಳದಿ ಉಳಿದ್ರೆ ಇನ್ನೂ ನಾಲ್ಕು ದಿನ ನೆನೆಯಬೇಕು ಅಂತ. ಆಸಿಡ್ ಹಾಕ್ದೆ ಬರೀ ಅರಿಶಿನ ಬಳಿದು ನೋಡಿದ್ರೆ ಲೆಕ್ಕ ತಪ್ಪುತ್ತೆ, ಬೋರಾಕ್ಸು ಸುಣ್ಣದಂಗೆ ಕ್ಷಾರ, ಅದ್ರಿಂದ್ಲೂ ಅರಿಶಿನ ಕೆಂಪಾಗುತ್ತೆ.

ಕೆಲವು ಕಡೆ ಮೈಲುತುತ್ತ ಮತ್ತೆ ಡೈಕ್ರೊಮೇಟ್ (ಕ್ರೋಮಿಯಂ ಇರೋ ರಾಸಾಯನಿಕ) ಸೇರಿಸಿದ ಮದ್ದು ಹೇಳ್ತಾರೆ, ಮಳೆಗೆ ತೊಳೆದು ಹೋಗಲ್ಲ ಅನ್ನೋದು ನಿಜ, ಆದ್ರೆ ಕ್ರೋಮಿಯಂ ವಿಷ, ತೋಟದಲ್ಲಿ, ಮನೆ ಹತ್ರ ಅದನ್ನ ಕಲಸೋದು ನನಗೆ ಸರಿ ಕಾಣಲ್ಲ. ಬೋರಾಕ್ಸ್ ಮದ್ದು ಮಳೆ ನೀರಿಗೆ ಕರಗಿ ಇಳಿದು ಹೋಗುತ್ತೆ, ಅದಕ್ಕೇ ಸೂರು ಉದ್ದ ಬೇಕು ಅಂದಿದ್ದು. ಕೊನೇಲಿ ಉಳಿದ ದ್ರಾವಣಾನ ಕೆರೆಗೆ, ಚರಂಡಿಗೆ ಬಿಡ್ಬೇಡಿ, ಆವಿಯಾಗೋಕೆ ಬಿಟ್ಟು ತಳದಲ್ಲಿ ಉಳಿದ ಹರಳು ಎತ್ತಿಟ್ಕೊಂಡ್ರೆ ಮುಂದಿನ ಸಲಕ್ಕೆ ಬರುತ್ತೆ.

ಕಟ್ಟೋದು: ಕಲ್ಲಿನ ಕಂಬ, ಬಿದಿರಿನ ಸೂರು

ನಮ್ಮ ಮೂರು ಜಿಲ್ಲೆಗೂ ದೇವರು ಕೊಟ್ಟಿರೋದು ಕಲ್ಲು. ದ್ರಾಕ್ಷಿ ಚಪ್ಪರಕ್ಕೆ ನಿಲ್ಸೋ ಕಲ್ಲು ಕಂಬ ಚಿಕ್ಕಬಳ್ಳಾಪುರ, ಕೋಲಾರದ ಕಡೆ ಈಗ್ಲೂ ಸಿಗುತ್ತೆ, ತೋಟ ತೆಗೆದಿರೋರ ಹತ್ರ ಹಳೇದೂ ಸಿಗುತ್ತೆ. ಬಿದಿರನ್ನ ಕಂಬವಾಗಿ ನೆಲಕ್ಕೆ ಹೂಳೋ ಬದ್ಲು ಕಲ್ಲಿನ ಕಂಬ ಹೂತು ಅದ್ರ ಮೇಲೆ ಬಿದಿರಿನ ಚಾವಣಿ ಕೂರಿಸಿದ್ರೆ ಗೆದ್ದಲಿನ ಅರ್ಧ ಕಥೆ ಅಲ್ಲಿಗೇ ಮುಗೀತು. ಬಯಲುಸೀಮೆಗೆ ಇದಕ್ಕಿಂತ ಒಳ್ಳೆ ಜೋಡಿ ನನಗಂತೂ ಗೊತ್ತಿಲ್ಲ.

ಉದಾಹರಣೆಗೆ 20 ಅಡಿ ಉದ್ದ 10 ಅಡಿ ಅಗಲದ ಶೆಡ್ ಇಟ್ಕೊಳ್ಳಿ. ಒಂದೊಂದು ಕಡೆ ನಾಲ್ಕು ಕಲ್ಲು ಕಂಬ, ಒಂದ್ರಿಂದ ಒಂದಕ್ಕೆ ಆರೂವರೆ ಏಳು ಅಡಿ ಒಳಗೆ. ಎರಡು ಅಡಿ ಆಳಕ್ಕೆ ಹೂತು ಸುತ್ತ ಜಲ್ಲಿ ಕಾಂಕ್ರೀಟ್ ಹಾಕಿ. ಒಂದು ಕಡೆ ನೆಲದಿಂದ 7 ಅಡಿ, ಇನ್ನೊಂದು ಕಡೆ ಒಂಬತ್ತೂವರೆ, ನೀರು ಒಂದೇ ಕಡೆ ಇಳಿಯೋ ಇಳಿಜಾರು. ಕಂಬದ ತಲೆಗೆ ಕಲ್ಲು ಡ್ರಿಲ್ಲಲ್ಲಿ ಆರು ಇಂಚು ಆಳ ತೂತು ಹೊಡೆದು, 12 ಎಂಎಂ ಥ್ರೆಡ್ ರಾಡ್ ಇಟ್ಟು ಗ್ರೌಟ್ ತುಂಬಿ, ಎರಡು ದಿನ ಮುಟ್ಟಬೇಡಿ. ಆ ರಾಡಿಗೆ ಉದ್ದದ ತೊಲೆ ಬಿದಿರು ಪೋಣಿಸ್ಕೊಂಡು ಕೂರೋದು. ತೊಲೆಗೆ ದಪ್ಪ ಗಳ ಎರಡನ್ನ ಒಂದ್ರ ಮೇಲೊಂದು ಇಟ್ಟು ಬೋಲ್ಟ್ ಹಾಕಿ, ಒಂಟಿ ಗಳ ಸಾಕು ಅನ್ಕೋಬೇಡಿ. ತೊಲೆ ಜೋಡಣೆ ಬಂದ್ರೆ ಕಂಬದ ಮೇಲೇನೇ ಬರ್ಲಿ, ಎರಡು ಕಂಬದ ನಡುವೆ ಬೇಡ.

ಅದ್ರ ಮೇಲೆ ಅಡ್ಡ ಜಂತೆ, ಮೂರೂವರೆಯಿಂದ ನಾಲ್ಕು ಇಂಚಿನ ಹೆಬ್ಬಿದಿರು, ಎರಡೂವರೆ ಅಡಿಗೊಂದು. ಎರಡೂ ಕಡೆ ಎರಡೂವರೆ ಅಡಿ ಸೂರು ಹೊರಗೆ ಚಾಚಲಿ, ಅಕ್ಕಪಕ್ಕಾನೂ ಎರಡು ಅಡಿ. ಸೂರು ಕಡಿಮೆ ಮಾಡಿ ಶೀಟ್ ಉಳಿಸೋಣ ಅನ್ನೋ ಮೇಸ್ತ್ರಿ ಮಾತಿಗೆ ಒಪ್ಪಬೇಡಿ. ಜಂತೆಯ ದಪ್ಪ ತುದಿ ಒಂದ್ಸಲ ಈ ಕಡೆ ಒಂದ್ಸಲ ಆ ಕಡೆ ಬರೋ ಹಂಗೆ ಇಟ್ರೆ ಚಾವಣಿ ಮಟ್ಟಸ ಕೂರುತ್ತೆ. ಇದಕ್ಕಿಂತ ಅಗಲದ ಶೆಡ್ ಬೇಕು, ಮೇಲೆ ಮಹಡಿ ಬೇಕು, ಜನ ಸೇರೋ ಹಾಲ್ ಬೇಕು ಅನ್ನೋರು ಅಂದಾಜಲ್ಲಿ ಕಟ್ಟಬೇಡಿ, ಬಿದಿರಿಗೆ ಅಂತಾನೇ ಐಎಸ್ 15912 ಅನ್ನೋ ಭಾರತೀಯ ಕಟ್ಟಡ ಕೋಡ್ ಇದೆ, ಅದನ್ನ ಓದಿರೋ ಇಂಜಿನಿಯರ್ ಹತ್ರ ಲೆಕ್ಕ ಹಾಕ್ಸಿ.

ಜಾಯಿಂಟ್ ವಿಷಯ. ಬಿದಿರು ಉದ್ದಕ್ಕೆ ಎಳೆದ್ರೆ ಅಸಾಧ್ಯ ಗಟ್ಟಿ, ಆದ್ರೆ ಸೀಳೋಕೆ ಸಸಾರ, ಮೊಳೆ ಹೊಡೆದ್ರೆ ಅಲ್ಲೇ ಬಾಯಿ ಬಿಡುತ್ತೆ. ಮೊಳೆ ಮರೆತುಬಿಡಿ. ಡ್ರಿಲ್ಲಲ್ಲಿ ತೂತು ಮಾಡಿ 10 ಇಲ್ಲಾ 12 ಎಂಎಂ ಥ್ರೆಡ್ ರಾಡ್, ಎರಡೂ ಕಡೆ ಅಗಲವಾದ ವಾಶರ್, ನಟ್ಟು. ತೂತು ಯಾವಾಗ್ಲೂ ಗೆಣ್ಣಿನ ಹತ್ರ, ಎರಡು ಇಂಚಿನ ಒಳಗೆ ಇರ್ಲಿ. ಭಾರ ಬೀಳೋ ಜಾಯಿಂಟಲ್ಲಿ ಬೋಲ್ಟ್ ಹಾಕಿದ ಗೆಣ್ಣಿನ ನಡುವಿನ ಟೊಳ್ಳಿಗೆ ಒಂದು ಇಂಚಿನ ಬಾಯಿ ಮಾಡಿ, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆಯನ್ನ ತೆಳ್ಳಗೆ ಕಲಸಿ ತುಂಬಿ, ಮದ್ದಿಗೆ ಪರದೆ ಒಡೆದಿರ್ತೀರಲ್ಲ, ಗಾರೆ ಕೆಳಗೆ ಜಾರದಂಗೆ ಮೊದ್ಲು ಬಟ್ಟೆಯೋ ತೆಂಗಿನ ನಾರೋ ಒಳಗೆ ತುರುಕಿ ತಡೆ ಮಾಡ್ಕೊಳ್ಳಿ. ಹಂಗೆ ತುಂಬಿದ ಗೆಣ್ಣು ಬೋಲ್ಟ್ ಬಿಗಿ ಮಾಡಿದ್ರೂ ನಜ್ಜುಗುಜ್ಜಾಗಲ್ಲ. ಎಲ್ಲ ಜಾಯಿಂಟಿಗೂ ತುಂಬೋಕೆ ಹೋಗ್ಬೇಡಿ, ಭಾರ ಸುಮ್ನೆ ಏರುತ್ತೆ. ಒಂದು ಗಳ ಇನ್ನೊಂದ್ರ ಮೇಲೆ ಎದುರಾಗಿ ನಿಲ್ಲೋ ಕಡೆ ತುದಿಯನ್ನ ಮೀನಿನ ಬಾಯಿ ಆಕಾರಕ್ಕೆ ಕೊರೆದು ಕೂರಿಸಿದ್ರೆ ಅಲುಗಾಡಲ್ಲ. ಕತ್ತರಿಸೋ ಜಾಗಕ್ಕೆ ಒಂದು ಸುತ್ತು ಟೇಪ್ ಸುತ್ತಿ ಸಣ್ಣ ಹಲ್ಲಿನ ಬ್ಲೇಡಲ್ಲಿ ಕೊಯ್ದ್ರೆ ಸಿಬಿರು ಏಳಲ್ಲ, ಬಿದಿರಿನ ಸಿಬಿರು ಬೆರಳೊಳಗೆ ಹೋದ್ರೆ ತುಂಬಾ ಕಷ್ಟ. ತೆಂಗಿನ ಹಗ್ಗ ಸುತ್ತೋದು ಚೆಂದ ಕಾಣುತ್ತೆ, ಬೋಲ್ಟಿನ ಮೇಲೆ ಸುತ್ತಿ, ಹಗ್ಗದ ಮೇಲೇ ಭಾರ ಬಿಡ್ಬೇಡಿ.

ಆಷಾಢದ ಗಾಳಿ, ಅದಕ್ಕಿಂತ ಹೆಚ್ಚಾಗಿ ಏಪ್ರಿಲ್ ಮೇ ತಿಂಗಳ ಬಿರುಗಾಳಿ ಆಲಿಕಲ್ಲು ಮಳೆ ನಮ್ಮ ಕಡೆ ಶೀಟ್ ಎತ್ಕೊಂಡು ಹೋಗೋದು ಹೊಸದೇನಲ್ಲ. ಬಿದಿರು ಹಗುರ, ಹಾಗಾಗಿ ಇಲ್ಲಿ ಭಯ ಬೀಳೋದಕ್ಕಿಂತ ಹಾರೋದ್ರದ್ದು. ಶೀಟಿಂದ ರೀಪರಿಗೆ ಜೆ ಬೋಲ್ಟು, ರೀಪರಿಂದ ಜಂತೆಗೆ ಬೋಲ್ಟು, ಜಂತೆಯಿಂದ ತೊಲೆಗೆ ಬೋಲ್ಟ್ ಜೊತೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪಟ್ಟಿ, ತೊಲೆಯಿಂದ ಕಲ್ಲಿಗೆ ಆ ರಾಡು, ಈ ಸರಪಳಿಯಲ್ಲಿ ಒಂದು ಕೊಂಡಿ ಬಿಟ್ಟೋದ್ರೂ ಮಿಕ್ಕಿದ್ದೆಲ್ಲ ವ್ಯರ್ಥ. ಕಂಬ ತೊಲೆ ಸೇರೋ ಮೂಲೆಗಳಿಗೆ ಕಿರುಬಿದಿರಲ್ಲಿ ಓರೆ ಆನಿಕೆ ಕೊಡಿ, ಚಾವಣಿ ಕೆಳಗೂ ಎರಡು ಕಡೆ ಕತ್ತರಿ ಆಕಾರದ ಆನಿಕೆ ಹಾಕಿ.

ಮೇಲೆ ಏನು ಹಾಕೋದು ಅಂದ್ರೆ, ಜಿಐ ಶೀಟ್ ಸುಲಭ ಆದ್ರೆ ಮಧ್ಯಾಹ್ನ ಒಳಗೆ ಕೂರೋಕಾಗಲ್ಲ. ಬೆಂಗಳೂರಿನ ಪ್ಲೈವುಡ್ ಸಂಶೋಧನಾ ಸಂಸ್ಥೆಯೋರು ಬಿದಿರಿನ ಚಾಪೆಯಿಂದ್ಲೇ ಅಲೆ ಅಲೆ ಶೀಟ್ ಮಾಡೋ ವಿಧಾನ ಅಭಿವೃದ್ಧಿ ಮಾಡಿದ್ರು, ಸಿಕ್ಕಿದ್ರೆ ಅದು ತಂಪು, ಮಳೆ ಸದ್ದೂ ಕಡಿಮೆ. ಹೆಂಚು ಹಾಕೋದಾದ್ರೆ ಇಳಿಜಾರು ಇನ್ನೂ ಕಡಿದಾಗಿ ಬೇಕು, ಭಾರಾನೂ ಜಾಸ್ತಿ, ನಾನು ಮೇಲೆ ಹೇಳಿದ ಅಳತೆ ಹೆಂಚಿಗೆ ಅಲ್ಲ.

ಗೋಡೆ

ಶೆಡ್ಡಿಗೆ ಗೋಡೆ ಬೇಕೇ ಬೇಕು ಅಂದ್ರೆ ತಡಿಕೆ ಗೋಡೆ ಮಾಡಿ. ಕೆಳಗೆ ಎರಡು ಅಡಿ ಕಲ್ಲು ಇಲ್ಲಾ ಇಟ್ಟಿಗೆ ಕಟ್ಟಿ, ಮಳೆ ನೀರು ನೆಲಕ್ಕೆ ಬಿದ್ದು ಚಿಮ್ಮೋದು ಅಷ್ಟು ಎತ್ತರಕ್ಕೇ. ಅದ್ರ ಮೇಲೆ ಬಿದಿರು ಚೌಕಟ್ಟು, ಅದಕ್ಕೆ ದಬ್ಬೆ ಹೆಣೆದು, ಮಣ್ಣು ಮೆತ್ತೋದು. ದಬ್ಬೆಯ ಹೊಳೆಯೋ ಹೊರಮೈಗೆ ಮಣ್ಣು ಅಂಟಲ್ಲ, ಹಾಗಾಗಿ ಒಳಮೈ ಗಾರೆ ಕಡೆ ಬರೋ ಹಂಗೆ ಹೆಣೀರಿ. ನಮ್ಮ ಕೆಂಪು ಮಣ್ಣನ್ನ ಜರಡಿ ಹಿಡಿದು, ಕತ್ತರಿಸಿದ ರಾಗಿ ಹುಲ್ಲು, ಸ್ವಲ್ಪ ಸಗಣಿ ಹಾಕಿ, ನೀರು ಬಿಟ್ಟು ಒಂದು ವಾರ ಕೊಳೆಯೋಕೆ ಬಿಡಿ, ದಿನಾ ತುಳೀರಿ. ಮೊದಲ ಪದರ ಒಣಗಿ ಬಿರುಕು ಬಿಡುತ್ತೆ, ಬಿಡ್ಲಿ, ಆ ಬಿರುಕಿಗೇ ಎರಡನೇ ಪದರ ಕಚ್ಕೊಳ್ಳೋದು. ಕೊನೇಗೆ ಸುಣ್ಣ. ಮರದ ಸೌದೆ ಒಲೆ ಇರೋ ಅಡಿಗೆ ಮನೆಗೆ ಮಾತ್ರ ಬಿದಿರು ಗೋಡೆ ಬೇಡ, ಬೋರಾಕ್ಸ್ ಬೆಂಕಿ ಸ್ವಲ್ಪ ತಡಿಯುತ್ತೆ ಅಷ್ಟೇ, ಬಿದಿರು ಸುಡೋದೇ. ಕರೆಂಟ್ ವೈರ್ ಪೈಪೊಳಗೇ ಎಳೀರಿ.

ಇನ್ನೊಂದು, ಕಾಂಕ್ರೀಟಲ್ಲಿ ಕಂಬಿ ಬದ್ಲು ಬಿದಿರು ಹಾಕಿ ಮೋಲ್ಡ್ ಹಾಕ್ಬಹುದು ಅಂತ ವಿಡಿಯೋಗಳು ಓಡಾಡ್ತಿವೆ. ದಯವಿಟ್ಟು ಮಾಡ್ಬೇಡಿ. ಹಸಿ ಕಾಂಕ್ರೀಟಿನ ನೀರು ಕುಡಿದು ಬಿದಿರು ಉಬ್ಬುತ್ತೆ, ಆಮೇಲೆ ಒಣಗಿ ಕುಗ್ಗುತ್ತೆ, ಕಾಂಕ್ರೀಟಿಗೂ ಅದಕ್ಕೂ ಹಿಡಿತ ತಪ್ಪುತ್ತೆ, ಒಳಗೆ ಏನಾಗ್ತಿದೆ ಅನ್ನೋದು ಹೊರಗೆ ಕಾಣೋದೇ ಇಲ್ಲ. ತಲೆ ಮೇಲಿನ ಮೋಲ್ಡ್ ಅದು, ಅಲ್ಲಿ ಪ್ರಯೋಗ ಬೇಡ.

ಕಟ್ಟಿದ ಮೇಲೆ

ಮೊದಲ ಬೇಸಿಗೆ ಕಳೆದ ಮೇಲೆ ಎಲ್ಲಾ ನಟ್ಟುಗಳನ್ನ ಸ್ಪ್ಯಾನರ್ ಹಿಡ್ಕೊಂಡು ಒಂದು ಸುತ್ತು ಬಿಗಿ ಮಾಡಿ, ಬಿದಿರು ಒಣಗಿ ಸ್ವಲ್ಪ ಕುಗ್ಗಿರುತ್ತೆ, ಸಡಿಲ ಆಗೇ ಆಗಿರುತ್ತೆ. ವರ್ಷಕ್ಕೊಂದ್ಸಲ ಮುಂಗಾರಿಗೆ ಮುಂಚೆ ಜಂತೆ ಕೆಳಗೆ ನೆಲದ ಮೇಲೆ ಸಣ್ಣ ಹಳದಿ ಪುಡಿ ಗುಪ್ಪೆ ಬಿದ್ದಿದೆಯಾ ನೋಡಿ, ಬಿದ್ದಿದ್ರೆ ಅದ್ರ ನೇರಕ್ಕೆ ಮೇಲೆ ಗುಂಡುಸೂಜಿ ತಲೆಯಷ್ಟು ತೂತು ಇರುತ್ತೆ, ಅದಕ್ಕೆ ಸಿರಿಂಜಲ್ಲಿ ಬೋರಾಕ್ಸ್ ದ್ರಾವಣ ಬಿಟ್ಟು, ಮೇಣ ಮೆತ್ತಿ ಮುಚ್ಚಿ. ಒಂದೇ ಗಳದಲ್ಲಿ ಹತ್ತಾರು ತೂತು ಕಂಡ್ರೆ ಆ ಗಳಾನೇ ಬದಲಾಯಿಸಿ, ಬೋಲ್ಟ್ ಹಾಕಿರೋದ್ರಿಂದ ಬಿಚ್ಚೋದು ಕಷ್ಟ ಇಲ್ಲ, ಮದ್ದು ಕುಡಿಸಿದ ನಾಲ್ಕೈದು ಗಳ ಯಾವಾಗ್ಲೂ ಅಟ್ಟದ ಮೇಲೆ ಇಟ್ಟಿರಿ. ಕಲ್ಲು ಕಂಬದ ಮೇಲೆ ಗೆದ್ದಲು ಮಣ್ಣಿನ ಗೆರೆ ಹತ್ತಿದ್ರೆ ಪೊರಕೇಲಿ ಕೆರೆದು ಹಾಕಿ, ಕಂಬದ ಬುಡಕ್ಕೆ ಹುಲ್ಲು, ಸೌದೆ, ತೆಂಗಿನ ಮಟ್ಟೆ ಒಟ್ಟಬೇಡಿ. ಬಿಸಿಲಿಗೆ ಚಾಚಿರೋ ಜಂತೆ ತುದಿಗಳು ಎರಡು ವರ್ಷಕ್ಕೆ ಬೂದು ಬಣ್ಣಕ್ಕೆ ತಿರುಗುತ್ತೆ, ಅಷ್ಟಕ್ಕೇ ಹೆದರಬೇಡಿ, ತುದಿಯ ಬಾಯನ್ನ ಗಾರೆಯಲ್ಲೋ ಮರದ ಬಿರಡೆಯಲ್ಲೋ ಮುಚ್ಚಿ, ಎರಡು ವರ್ಷಕ್ಕೊಮ್ಮೆ ಅಗಸೆ ಎಣ್ಣೆ ಒಂದು ಕೈ ಬಳೀರಿ.